ಮುಳ್ಳೇರಿಯಕ್ಕೆ ಡ್ರೋನ್ ಬಂದರೆ ಇಳಿಯುವುದು ಎಲ್ಲಿ?

ಮುಳ್ಳೇರಿಯದವ

ಒಂದು ವಿಷಯ ಚರ್ಚೆಗೆ ಹಾಕುತ್ತಿದ್ದೇನೆ. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಊರಿನಲ್ಲಿ ಅಮ್ಮನ ಶುಗರ್ ಮಾತ್ರೆ ಮುಗಿದರೆ ಯಾರಾದರೂ ಪೇಟೆಗೆ ಹೋಗುವವರನ್ನು ಕಾಯಬೇಕು. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಗುಡ್ಡೆ ಇಳಿದು ತೋಟದ ಕರೆಯಲ್ಲಿ. ಮಳೆಗಾಲದಲ್ಲಿ ರಿಕ್ಷಾದವರು ಕೆಳಗಿನ ತನಕ ಬರಲು ಒಪ್ಪುವುದಿಲ್ಲ.

ಡ್ರೋನ್ ಬೇಕಾದದ್ದು ಇಂಥ ಜಾಗಕ್ಕೇ ಅಲ್ವಾ? ರುವಾಂಡಾದಲ್ಲಿ ಜಿಪ್‌ಲೈನ್ ಎಂಬ ಕಂಪನಿ 2016ರಿಂದ ಡ್ರೋನಿನಲ್ಲಿ ಆಸ್ಪತ್ರೆಗಳಿಗೆ ರಕ್ತ ಕಳಿಸುತ್ತಿದೆ. ಅದೂ ನಮ್ಮ ಹಾಗೆ ಗುಡ್ಡೆಗಳ ದೇಶ. ನಮ್ಮ ಅಂಚೆ ಇಲಾಖೆಯೇ 2022ರಲ್ಲಿ ಗುಜರಾತಿನ ಕಛ್‌ನಲ್ಲಿ 46 ಕಿ.ಮೀ. ದೂರಕ್ಕೆ 25 ನಿಮಿಷದಲ್ಲಿ ಪಾರ್ಸೆಲ್ ಮುಟ್ಟಿಸಿ ತೋರಿಸಿತು. ಬದಿಯಡ್ಕದಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ 40 ಕಿ.ಮೀ. ಆಸುಪಾಸು. ಹಾಗಾದರೆ ಅಡ್ಡಿ ಎಂತ? ತಂತ್ರಜ್ಞಾನವಾ, ಕಾನೂನಾ, ಗಡಿನಾಡು ಎಂಬ ತಾತ್ಸಾರವಾ?

ಹೊಸಂಗಡಿ 66

ಪಾರ್ಸೆಲ್ ಬಿಡಿ, ಮನುಷ್ಯರನ್ನೇ ಹಾರಿಸಲಿ. ಹೈವೇ ಅಗಲ ಮಾಡಲು ಶುರು ಮಾಡಿದಂದಿನಿಂದ ನಮ್ಮ ಮನೆಯಿಂದ ಎದುರಿನ ಅಂಗಡಿಗೆ ಹೋಗಲು ಯಾತ್ರೆ ಹೊರಟ ಹಾಗೆ. ಹಾರುವ ಕಾರು ಬಂದರೆ ಮೊದಲ ಬುಕಿಂಗ್ ನನ್ನದು.

ಪೆರ್ಲದ ಭಟ್ಟ

ಮುಳ್ಳೇರಿಯದ ತಮ್ಮಾ, ಹಾರುವುದು ಸರಿ. ಇಳಿಯುವುದು ಎಲ್ಲಿ?

ತಮಾಷೆಗೆ ಕೇಳಿದ್ದಲ್ಲ. ನನ್ನ ತೋಟದಲ್ಲಿ ಒಂಬತ್ತು ಅಡಿಗೊಂದು ಅಡಕೆ ಮರ. ಅದರ ಮೇಲೆ ಹಬ್ಬಿದ ಕರಿಮೆಣಸು. ಕರೆಯಲ್ಲಿ ಅಡಕೆಗಿಂತ ಎತ್ತರದ ತೆಂಗು. ಮಧ್ಯದಲ್ಲಿ ಎಲ್ಲೋ ಒಂದು ಕರೆಂಟಿನ ಸರಿಗೆ ಹೋಗುತ್ತದೆ. ನನಗೇ ಅದು ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ, ಸೋಗೆ ಬಿದ್ದು ಕಿಡಿ ಹಾರಿದಾಗ ಮಾತ್ರ ನೆನಪಾಗುವುದು. ಖಾಲಿ ಜಾಗ ಎಂದರೆ ಅಂಗಳ ಒಂದೇ. ಅಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ಅಡಕೆ ಒಣಗುತ್ತಿರುತ್ತದೆ. ಮಳೆ ಬರುವ ಹೊತ್ತಿಗೆ ಅರ್ಧ ಅಂಗಳಕ್ಕೆ ತಗಡಿನ ಮಾಡು, ಇನ್ನರ್ಧಕ್ಕೆ ಸೌದೆ. ಉಳಿದದ್ದು ಹಂಚಿನ ಮಾಡು. ಅದರ ಮೇಲೆ ಎರಡು ಕಿಲೋ ಪೆಟ್ಟಿಗೆ ಬೀಳಿಸಿದರೆ ಮಾತ್ರೆಯ ಕ್ರಯಕ್ಕಿಂತ ಹಂಚಿನ ಕ್ರಯ ಜಾಸ್ತಿ ಆದೀತು.

ಮುಳ್ಳೇರಿಯದವ

ಇಳಿಯಲೇಬೇಕೆಂದು ಇಲ್ಲ ಭಟ್ರೇ. ಗೂಗಲ್‌ನವರ ವಿಂಗ್ ಡ್ರೋನ್ ಸುಮಾರು ಏಳು ಮೀಟರ್ ಎತ್ತರದಲ್ಲಿ ನಿಂತು ಹಗ್ಗದಲ್ಲಿ ಪೊಟ್ಟಣ ಇಳಿಸುತ್ತದೆ. ಜಿಪ್‌ಲೈನ್‌ನದ್ದು ಹಾರುತ್ತಲೇ ಸಣ್ಣ ಪ್ಯಾರಾಶೂಟಿನಲ್ಲಿ ಬಿಟ್ಟು ಹೋಗುತ್ತದೆ.

ಪೆರ್ಲದ ಭಟ್ಟ

ಏಳು ಮೀಟರ್ ಎಂದರೆ ನಮ್ಮ ಹಳೆಯ ಅಡಕೆ ಮರದ ಅರ್ಧ. ಅದು ಸೋಗೆಗಳ ಒಳಗೆ ನುಗ್ಗಿ ನಿಲ್ಲಬೇಕಾಗುತ್ತದೆ. ಪ್ಯಾರಾಶೂಟಂತೂ ಖಂಡಿತ ತೆಂಗಿನ ತಲೆಗೇ. ಆಮೇಲೆ ಮರ ಹತ್ತುವವರನ್ನು ಹುಡುಕಬೇಕು. ಅವರು ಕಾಯಿ ಕೀಳಲಿಕ್ಕೇ ಸಿಗುವುದಿಲ್ಲ, ಪ್ಯಾರಾಶೂಟ್ ಕೀಳಲು ಸಿಗುತ್ತಾರಾ?

ಉಪ್ಪಳ ಸ್ಟುಡಿಯೋ

ನಾನು ಮದುವೆಗಳಲ್ಲಿ ಡ್ರೋನ್ ಹಾರಿಸುವವ. ಲೈಸೆನ್ಸ್ ಉಂಟು, ಮೊದಲೇ ಹೇಳಿಬಿಡುತ್ತೇನೆ.

ಭಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ. ಮೇಲೆ ಹೋದ ಮೇಲೆ ಡ್ರೋನಿಗೆ ಯಾವ ತಾಪತ್ರಯವೂ ಇಲ್ಲ. ತೊಂದರೆ ಎಲ್ಲ ಕೊನೆಯ ಹತ್ತು ಮೀಟರಿನಲ್ಲಿ. ಬಯಲಿನಲ್ಲಿ ಜಿಪಿಎಸ್ ಮೂರೋ ಐದೋ ಮೀಟರ್ ಆಚೀಚೆ ತೋರಿಸುತ್ತದೆ. ತಗ್ಗಿನ ತೋಟದಲ್ಲಿ, ಸುತ್ತ ಗುಡ್ಡೆ, ಮೇಲೆ ಸೋಗೆ, ಆಗ ಅಷ್ಟೂ ಭರವಸೆ ಇಲ್ಲ. ಕ್ಯಾಮೆರಾಕ್ಕೆ ಮರ ಕಾಣುತ್ತದೆ, ಗೋಡೆ ಕಾಣುತ್ತದೆ, ತೆಳು ಸರಿಗೆ ಕಾಣುವುದೇ ಕಷ್ಟ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರ 2022ರಲ್ಲಿ ಅದೇ ವಿಂಗ್ ಡ್ರೋನ್ ಕರೆಂಟ್ ಲೈನ್ ಮೇಲೆ ಇಳಿದು ಸುಮಾರು 2,000 ಮನೆಗಳ ಕರೆಂಟ್ ಹೋಗಿತ್ತು. ಅದು ಅಗಲ ರಸ್ತೆ, ತೆರೆದ ಹಿತ್ತಿಲುಗಳ ಊರು.

ಅಮೆಜಾನಿನ ಕತೆಯೂ ಹಾಗೆಯೇ. ಜೆಫ್ ಬೆಜೋಸ್ 2013ರ ಡಿಸೆಂಬರಿನಲ್ಲಿ ಟಿವಿಯಲ್ಲಿ ಕೂತು ಇನ್ನು ನಾಲ್ಕೈದು ವರ್ಷದಲ್ಲಿ ಆಗುತ್ತದೆ ಎಂದರು. ಅಮೆರಿಕದ ಗಿರಾಕಿಗಳಿಗೆ ಶುರುವಾದದ್ದು 2022ರ ಕೊನೆಗೆ, ಅದೂ ಎರಡೇ ಊರುಗಳಲ್ಲಿ. ಅದರಲ್ಲಿ ಕ್ಯಾಲಿಫೋರ್ನಿಯಾದ ಲಾಕ್‌ಫರ್ಡ್ ಅನ್ನು 2024ರಲ್ಲೇ ಮುಚ್ಚಿದರು. ದುಡ್ಡಿಗೆ ಬರ ಇಲ್ಲದ ಕಂಪನಿ ಅದು.

ಕುಂಬಳೆ ಕೊರಿಯರ್

ಹೊಟ್ಟೆಪಾಡಿನ ಪ್ರಶ್ನೆ, ಹಾಗಾಗಿ ನಾನೂ ಎರಡು ಮಾತು ಹೇಳಬೇಕು. ಡ್ರೋನ್ ಒಂದು ಸಲಕ್ಕೆ ಎಷ್ಟು ಹೊರುತ್ತದೆ?

ಉಪ್ಪಳ ಸ್ಟುಡಿಯೋ

ಅಮೆಜಾನಿನದ್ದು ಐದು ಪೌಂಡ್, ಅಂದರೆ ಎರಡೂ ಕಾಲು ಕಿಲೋ. ಸುಲಿದ ತೆಂಗಿನಕಾಯಿ ನಾಲ್ಕು ಎಂದು ಇಟ್ಟುಕೊಳ್ಳಿ. ವಿಂಗ್‌ನ ಹಳೆಯ ಡ್ರೋನಿಗೆ ಎರಡೇ ಕಾಯಿ.

ಕುಂಬಳೆ ಕೊರಿಯರ್

ನನ್ನ ಬೈಕಿನ ಚೀಲದಲ್ಲಿ ಒಂದು ಸುತ್ತಿಗೆ ನಲವತ್ತರ ಹತ್ತಿರ ಪಾರ್ಸೆಲ್ ಇರುತ್ತದೆ. ಮಿಕ್ಸಿ ಉಂಟು, ಚಪ್ಪಲಿ ಉಂಟು, ನಾಯಿಯ ಅಕ್ಕಿ ಚೀಲ ಉಂಟು. ಸೀತಾಂಗೋಳಿಯಿಂದ ಶುರು ಮಾಡಿ ಒಂದೊಂದೇ ಕೊಡುತ್ತಾ ಹೋದರೆ ದಾರಿಯ ಖರ್ಚು ನಲವತ್ತು ಪಾಲಾಗುತ್ತದೆ. ಡ್ರೋನ್ ಒಂದನ್ನು ಕೊಂಡುಹೋಗಿ ಖಾಲಿ ವಾಪಸ್ ಬರಬೇಕು.

ಮತ್ತೆ ವಿಳಾಸ. ಪಾರ್ಸೆಲ್ ಮೇಲೆ ಏನು ಬರೆದಿರುತ್ತದೆ ಗೊತ್ತುಂಟಾ? ಮನೆಯ ಹೆಸರು, ಅಂಚೆ ಊರು, ‘ಭಜನಾ ಮಂದಿರದ ಹತ್ತಿರ’. ಮ್ಯಾಪಿನ ಗುರುತು ಒತ್ತಿದರೆ ಗುಡ್ಡೆಯ ಆಚೆ ಬದಿಗೆ ಕರೆದುಕೊಂಡು ಹೋಗುತ್ತದೆ. ನಾನು ಫೋನ್ ಮಾಡುತ್ತೇನೆ. ಅವರಿಗೆ ಒಳಗೆ ರೇಂಜ್ ಇಲ್ಲ. ಆಗ ಪಕ್ಕದ ಮನೆಯ ಅಕ್ಕ ‘ಅವರು ಮದುವೆಗೆ ಹೋಗಿದ್ದಾರೆ, ಇಲ್ಲಿ ಕೊಟ್ಟು ಹೋಗಿ’ ಎನ್ನುತ್ತಾರೆ. ಡ್ರೋನ್ ಯಾರನ್ನು ಕೇಳುತ್ತದೆ? ಅಂಗಿ ಸೈಜ್ ಆಗಲಿಲ್ಲ ಎಂದು ವಾಪಸ್ ಕೊಡುವವರು ಬೇರೆ. ಅರ್ಧಕ್ಕರ್ಧ ಜನ ಮನೆಗೆ ಬಂದ ಮೇಲೆ ದುಡ್ಡು ಕೊಡುವವರು. ಐನೂರರ ನೋಟಿಗೆ ಚಿಲ್ಲರೆ ಕೊಡುವ ಡ್ರೋನ್ ಬಂದ ದಿನ ನಾನು ಕೆಲಸ ಬಿಡುತ್ತೇನೆ.

ಮುಳ್ಳೇರಿಯದವ

ಅಣ್ಣಾ, ಚಪ್ಪಲಿ ಮಿಕ್ಸಿ ನಾನು ಕೇಳಲೇ ಇಲ್ಲ. ಮಾತ್ರೆ ಹಗುರ, ತುರ್ತು. ಅದಕ್ಕೆ ನಲವತ್ತು ಪಾಲಿನ ಲೆಕ್ಕ ಹಾಕಬಾರದು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿಯಲ್ಲಿ ಏನಾಯಿತು ಮರೆತಿರಾ? ಕರ್ನಾಟಕದವರು ಗಡಿಯ ದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಮದ್ದು, ಮಂಗಳೂರಿನ ಡಾಕ್ಟರು ಎಂದು ನಂಬಿದ್ದವರೆಲ್ಲ ಇಲ್ಲೇ ಸಿಕ್ಕಿಕೊಂಡರು. ಕೇರಳ ಹೈಕೋರ್ಟಿನ ತನಕ ಹೋಯಿತು. ಆಗ ಒಂದು ಡ್ರೋನ್ ದಾರಿ ಇದ್ದಿದ್ದರೆ?

ಸಿಸ್ಟರ್, ಬದಿಯಡ್ಕ

ನಾನು ನರ್ಸ್. ಆ ದಿನಗಳಲ್ಲಿ ಡ್ಯೂಟಿಯಲ್ಲಿದ್ದೆ. ಮಾತ್ರೆಯನ್ನು ಹೇಗಾದರೂ ಮಾಡಿ ತರಿಸಿಕೊಟ್ಟೆವು. ಗಡಿಯಲ್ಲಿ ತಿರುಗಿಸಿ ಕಳಿಸಿದ ಆಂಬುಲೆನ್ಸಿನಲ್ಲಿ ಇದ್ದವರು ಡಯಾಲಿಸಿಸ್‌ನವರು, ಹಾರ್ಟಿನವರು. ಅವರನ್ನು ಯಾವ ಡ್ರೋನ್ ಹೊರುತ್ತಿತ್ತು? ಚಿಕಿತ್ಸೆ ಸಿಗದೆ ಆದ ಆ ಸಾವುಗಳನ್ನು ಡ್ರೋನಿನ ಪರ ವಾದಕ್ಕೆ ದಯವಿಟ್ಟು ತರಬೇಡ ತಮ್ಮಾ.

ಆದರೆ ಡ್ರೋನ್ ಬೇಡ ಎಂದು ನಾನು ಹೇಳುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಂಬುದು ಸರಿಯಾಗಬೇಕು. ಹಾವು ಕಚ್ಚಿದ್ದನ್ನೇ ತೆಗೆದುಕೊಳ್ಳಿ. ಮದ್ದು ಪುಡಿ ರೂಪದ್ದು, ಸಣ್ಣ ಬಾಟ್ಲಿ. ಮೊದಲ ಡೋಸ್ ಎಂದರೆ ಎಂಟರಿಂದ ಹತ್ತು ಬಾಟ್ಲಿ. ಅಷ್ಟೂ ಸೇರಿ ಒಂದು ಕಿಲೋ ಆಗುವುದಿಲ್ಲ. ಡ್ರೋನಿಗೆ ಹೇಳಿ ಮಾಡಿಸಿದ ಹೊರೆ. ಹಾಗೆಂದು ಅದನ್ನು ಮನೆಗೆ ಕಳಿಸಿದರೆ ಜನ ಸಾಯುತ್ತಾರೆ. ಅದು ಕೆಲವರಿಗೆ ಒಗ್ಗುವುದಿಲ್ಲ, ಬಿಪಿ ಕುಸಿಯುತ್ತದೆ, ಉಸಿರು ಕಟ್ಟುತ್ತದೆ. ಪಕ್ಕದಲ್ಲಿ ಅಡ್ರಿನಲಿನ್ ತುಂಬಿಸಿಟ್ಟುಕೊಂಡು ಡಾಕ್ಟರು ನಿಂತಿರಬೇಕು. ಇನ್ನೊಂದು ಮಾತು: ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ನಮ್ಮ ತೋಟಗಳಲ್ಲಿ ಎಲೆಯ ಅಡಿಯಲ್ಲಿ ಮಲಗಿರುವ ಚೂಪು ಮೂಗಿನ ಸಣ್ಣ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಯಾವ ಹಾವು, ಮದ್ದು ಬೇಕಾ ಬೇಡವಾ ಎಂದು ನೋಡಿ ಹೇಳುವವರೂ ಬೇಕಲ್ಲ.

ಹಾಗಾಗಿ ರೋಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬರಲಿ, ಮದ್ದು ದೊಡ್ಡ ಆಸ್ಪತ್ರೆಯಿಂದ ಅಲ್ಲಿಗೆ ಹಾರಿ ಬರಲಿ. ರುವಾಂಡಾದಲ್ಲಿ ಶುರು ಮಾಡಿದ್ದೂ ಹಾಗೆ. ರಕ್ತ ಹೋಗುವುದು ಆಸ್ಪತ್ರೆಯ ಹಿತ್ತಿಲಿಗೆ, ಯಾರ ಮನೆಯ ಅಂಗಳಕ್ಕೂ ಅಲ್ಲ.

ಉಪ್ಪಳ ಸ್ಟುಡಿಯೋ

ಸಿಸ್ಟರ್ ಹೇಳಿದ ಮಾದರಿಯನ್ನು ನಮ್ಮ ದೇಶದಲ್ಲೂ ಮಾಡಿ ನೋಡಿದ್ದಾರೆ. 2021ರಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ಆರೋಗ್ಯ ಕೇಂದ್ರಗಳಿಗೆ ಮದ್ದು ಹಾರಿಸಿದರು. ಅದೇ ವರ್ಷ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕಾರಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಕಳಿಸಿದರು. 2023ರಲ್ಲಿ ರಕ್ತದ ಬ್ಯಾಗುಗಳನ್ನೂ ಹಾರಿಸಿ, ರಕ್ತ ಕೆಟ್ಟಿತಾ ಎಂದು ಪರೀಕ್ಷೆ ಮಾಡಿದರು.

ಕಾನೂನಿನ ಪ್ರಶ್ನೆ ಇತ್ತಲ್ಲ, ಅದಕ್ಕೆ ಉತ್ತರ. 2021ರ ಡ್ರೋನ್ ನಿಯಮ ಬಂದ ಮೇಲೆ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಹಸಿರಿನಲ್ಲಿ 400 ಅಡಿ ತನಕ ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 12 ಕಿ.ಮೀ. ಒಳಗೆ ಹಳದಿ, ಅಲ್ಲಿ ಅನುಮತಿ ಬೇಕು; ಅದರಲ್ಲೂ 8ರಿಂದ 12 ಕಿ.ಮೀ. ನಡುವೆ 200 ಅಡಿ ತನಕ ಬಿಟ್ಟಿದ್ದಾರೆ. ಬಜಪೆ ನಿಲ್ದಾಣ ತಲಪಾಡಿಗೆ ದೂರ, ಗಡಿ ದಾಟಲು ಅದು ಅಡ್ಡಿಯಲ್ಲ. ಮಂಗಳೂರು ಪೇಟೆಯ ಬಹುಪಾಲು ಮಾತ್ರ ಆ 12 ಕಿ.ಮೀ. ಒಳಗೆ ಬರುತ್ತದೆ. ಆಸ್ಪತ್ರೆಗಳೆಲ್ಲ ಇರುವುದೂ ಅಲ್ಲೇ.

ರಾಜ್ಯದ ಗಡಿಯಿಂದ ಕಾನೂನು ಬದಲಾಗುವುದಿಲ್ಲ, ಆಕಾಶ ಕೇಂದ್ರದ್ದು. ಆದರೆ ರಾಜ್ಯ ಸರಕಾರ ಬೇಕೆಂದರೆ ಒಂದು ಜಾಗವನ್ನು 96 ಗಂಟೆ ತನಕ ಕೆಂಪು ಮಾಡಿ ಹಾರಾಟ ತಡೆಯಬಹುದು. 2020ರ ಹಾಗೆ ಜಗಳ ಬಂದರೆ ಮೇಲಿನ ದಾರಿಗೂ ಮಣ್ಣು ಸುರಿಯಬಹುದು ಎಂದಾಯಿತು.

ನಿಜವಾದ ಕಟ್ಟು ಬೇರೆ. ಡ್ರೋನ್ ಹಾರಿಸುವವನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗಬೇಕು. ಕಣ್ಣಳತೆ ಮೀರಿ ಕಳಿಸಲು ವಿಶೇಷ ಅನುಮತಿ ಬೇಕು. ನಮ್ಮ ಊರಿನಲ್ಲಿ ಎರಡನೇ ಗುಡ್ಡೆ ದಾಟಿದರೆ ಆನೆಯೂ ಕಾಣುವುದಿಲ್ಲ, ಡ್ರೋನ್ ಕಾಣುತ್ತದಾ? 400 ಅಡಿ ಎನ್ನುವುದೂ ಕೆಳಗಿನ ನೆಲದಿಂದ ಲೆಕ್ಕ. ಗುಡ್ಡೆ ಏರಿದಾಗ ಏರಿ, ತೋಟ ಬಂದಾಗ ಇಳಿದು ಹೋಗಬೇಕು. ಬ್ಯಾಟರಿ ತಿನ್ನುವುದು ಈ ಹತ್ತಿ ಇಳಿಯುವುದೇ. ಕಛ್‌ನಲ್ಲಿ ನೆಲ ಹಾಸಿದ ಚಾಪೆ, ಅಲ್ಲಿಯ 25 ನಿಮಿಷ ಇಲ್ಲಿಗೆ ಹೊಂದುವುದಿಲ್ಲ.

ಪೆರ್ಲದ ಭಟ್ಟ

ನನಗೆ ಡ್ರೋನ್ ಬೇಕಾದದ್ದು ಒಂದೇ ಕೆಲಸಕ್ಕೆ. ಅಡಕೆಯ ಕೊಳೆರೋಗಕ್ಕೆ ಮದ್ದು ಬಿಡಲು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಉಪ್ಪಳ ಸ್ಟುಡಿಯೋ

ಗದ್ದೆಗೆ ಒಳ್ಳೆಯದು ಭಟ್ರೇ, ಅಡಕೆಗೆ ಕಷ್ಟ. ಅದರ ಟ್ಯಾಂಕ್ ಸಾಮಾನ್ಯವಾಗಿ ಹತ್ತು ಲೀಟರ್. ಡ್ರೋನ್ ಸೋಗೆಯ ಮೇಲಿನಿಂದ ಬಿಡುತ್ತದೆ, ಬೋರ್ಡೋ ಮದ್ದು ಬೀಳಬೇಕಾದದ್ದು ಸೋಗೆಯ ಅಡಿಯ ಗೊನೆಗೆ. ಸದ್ಯಕ್ಕೆ ಕಾರ್ಬನ್ ಫೈಬರ್ ದೋಟಿಯೇ ಮೇಲು.

ಎಣ್ಮಕಜೆಯವ

ಇಷ್ಟು ಹೊತ್ತು ಓದುತ್ತಿದ್ದೆ. ‘ಮೇಲಿನಿಂದ ಮದ್ದು ಬಿಡುವುದು’ ಎಂಬ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ. ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಅದರಿಂದ ಕಾಯಿಲೆಗೆ ಬಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಕೆಲವರು ಇನ್ನೂ ಚಾಪೆಯ ಮೇಲೇ ಇದ್ದಾರೆ, ಕೆಲವರು ಇಲ್ಲ. ನನ್ನ ಅಜ್ಜಿಗೆ ಈಗಲೂ ತಲೆ ಮೇಲೆ ಏನಾದರೂ ಗುಂಯ್ ಎಂದರೆ ಬಾವಿಯ ಕಡೆ ನೋಡುವ ಅಭ್ಯಾಸ. ಕಳೆದ ವರ್ಷ ಪಕ್ಕದ ಮನೆಯ ಮದುವೆಯ ಡ್ರೋನಿಗೂ ಹಾಗೆಯೇ ಮಾಡಿದರು. ಹೊರಗಿನವರಿಗೆ ನಗು ಬಂದೀತು.

ತಂತ್ರಜ್ಞಾನ ಬೇಡ ಎನ್ನುವವ ನಾನಲ್ಲ. ಆದರೆ ನಮ್ಮ ಪಂಚಾಯತಿನ ಮೇಲೆ ಏನೇ ಹಾರಿಸುವುದಿದ್ದರೂ ಅದರಲ್ಲಿ ಏನುಂಟು, ಯಾರದ್ದು, ಯಾವ ಹೊತ್ತಿಗೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರ್ ಅದರ ಹೊಟ್ಟೆಯ ಮೇಲೆ ಬರೆದಿರಬೇಕು, ಕನ್ನಡದಲ್ಲೂ ಮಲಯಾಳದಲ್ಲೂ. ಹಿಂದೆ ಯಾರೂ ಕೇಳದೆ ಹಾರಿಸಿದ ಫಲ ನಮ್ಮ ಮನೆಮನೆಯಲ್ಲಿ ಉಂಟು.

ಪೆರ್ಲದ ಭಟ್ಟ

ನೀವು ಹೇಳಿದ್ದಕ್ಕೆ ನನ್ನ ಎದುರು ಮಾತಿಲ್ಲ. ಬೋರ್ಡೋ ಬೇರೆ, ಮೈಲುತುತ್ತು ಸುಣ್ಣದ ನೀರು. ಆದರೂ ಪಕ್ಕದವನ ಬಾವಿಗೆ ಗಾಳಿಯಲ್ಲಿ ಹೋಗಬಾರದು ಎಂಬುದು ಅದಕ್ಕೂ ಹೊಂದುತ್ತದೆ.

ಮುಳ್ಳೇರಿಯದವ

ಶಬ್ದದ ವಿಷಯ ನಾನು ಯೋಚನೆ ಮಾಡಿರಲಿಲ್ಲ. ಅದು ಅಷ್ಟು ದೊಡ್ಡ ತೊಂದರೆಯಾ?

ಉಪ್ಪಳ ಸ್ಟುಡಿಯೋ

ಜಾಸ್ತಿಯೇ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2018ರಲ್ಲಿ ಬೋನಿಥನ್ ಎಂಬ ಬಡಾವಣೆಯವರು ಡ್ರೋನ್ ಶಬ್ದದ ವಿರುದ್ಧ ಒಟ್ಟಾಗಿ ಗಲಾಟೆ ಮಾಡಿದರು. ಟೆಕ್ಸಾಸಿನ ಕಾಲೇಜ್ ಸ್ಟೇಷನ್‌ನಲ್ಲಿ ಅಮೆಜಾನ್ ಹಾರಾಟ ಹೆಚ್ಚಿಸಲು ಹೊರಟಾಗ ಊರಿನ ಮೇಯರೇ ಕೇಂದ್ರಕ್ಕೆ ಕಾಗದ ಬರೆದರು. ಲಾರಿ ಶಬ್ದಕ್ಕೆ ಕಿವಿ ಒಗ್ಗುತ್ತದೆ, ಈ ಕಿರ್ ಎನ್ನುವ ಸ್ವರ ತಲೆಯೊಳಗೆ ಕೊರೆಯುತ್ತದೆ.

ಹಕ್ಕಿಗಳ ಕಾಟವೂ ಉಂಟು. 2021ರಲ್ಲಿ ಅದೇ ಕ್ಯಾನ್‌ಬೆರಾದಲ್ಲಿ ಗೂಡು ಕಟ್ಟಿದ್ದ ಕಾಡುಕಾಗೆ ಡ್ರೋನ್ ಮೇಲೆ ಎರಗಿ, ಸ್ವಲ್ಪ ದಿನ ಆ ಭಾಗಕ್ಕೆ ಕಳಿಸುವುದನ್ನೇ ನಿಲ್ಲಿಸಿದ್ದರು. ನಮ್ಮಲ್ಲಿ ಗಿಡುಗ ಮೇಲೆ ಸುತ್ತುತ್ತಿದ್ದರೆ ನಾನು ಡ್ರೋನ್ ಚೀಲದಿಂದ ತೆಗೆಯುವುದೇ ಇಲ್ಲ, ಮದುಮಗನ ಅಪ್ಪ ಎಷ್ಟು ಕೂಗಿದರೂ.

ಹೊಸಂಗಡಿ 66

ನನ್ನ ಹಾರುವ ಕಾರು ಎಲ್ಲಿ ಹೋಯಿತು ಮಾರಾಯ್ರೆ? ಎಲ್ಲರೂ ಮಾತ್ರೆ, ಕಾಗೆ ಎಂದು ಕೂತಿದ್ದೀರಿ. ಚೀನಾದಲ್ಲಿ ಇಹ್ಯಾಂಗ್ ಎಂಬ ಕಂಪನಿಗೆ 2023ರಲ್ಲೇ ಸರ್ಟಿಫಿಕೇಟ್ ಸಿಕ್ಕಿದೆ. ಇಬ್ಬರು ಕೂರಬಹುದು, ಡ್ರೈವರ್ ಕೂಡ ಬೇಡ.

ನೀರ್ಚಾಲಿನ ಮಾಷ್ಟ್ರು

ರಿಟೈರ್ ಆದ ಫಿಸಿಕ್ಸ್ ಮಾಷ್ಟ್ರು ನಾನು. ಲೆಕ್ಕ ಒಂದು ಹಾಕುತ್ತೇನೆ, ಬೇಸರ ಮಾಡಬೇಡಿ.

ಗಾಳಿಯಲ್ಲಿ ಸುಮ್ನೆ ನಿಲ್ಲುವುದು ತುಂಬಾ ದುಬಾರಿ ಕೆಲಸ. ರೆಕ್ಕೆಯ ಅಳತೆ ಅಷ್ಟೇ ಇಟ್ಟು ತೂಕ ಎರಡು ಪಟ್ಟು ಮಾಡಿದರೆ ಬೇಕಾಗುವ ಶಕ್ತಿ 2.8 ಪಟ್ಟು. ಎರಡು ಕಿಲೋ ಡ್ರೋನಿಗೆ ಸುಲಭವಾದದ್ದು ಕಾರಿಗೆ ಸುಲಭ ಆಗದಿರುವುದು ಇದಕ್ಕೇ. ಒಂದು ಟನ್ ತೂಕದ ವಾಹನ, ತಿರುಗುವ ರೆಕ್ಕೆಗಳು ಬಳಸುವ ಜಾಗ ಒಟ್ಟು 20 ಚದರ ಮೀಟರ್ ಎಂದು ಹಿಡಿಯೋಣ. ನಷ್ಟ ಎಲ್ಲ ಸೇರಿಸಿದರೆ ಸುಮಾರು 200 ಕಿಲೋವ್ಯಾಟ್ ಬೇಕು. ಸಣ್ಣ ಕಾರಿನ ಇಂಜಿನ್ 50 ಕಿಲೋವ್ಯಾಟ್ ಆಸುಪಾಸು. ಅಂದರೆ ಮುಂದೆ ಹೋಗದೆ ಮೇಲೆ ನಿಂತಿರಲು ಮಾತ್ರ ನಾಲ್ಕು ಕಾರಿನ ಇಂಜಿನ್ ಪೂರ್ತಿ ಓಡಬೇಕು. ಅದರಲ್ಲಿ ಕಾಲು ಟನ್ ಬ್ಯಾಟರಿ ಇಟ್ಟರೆ 50 ಯೂನಿಟ್ ಕರೆಂಟ್ ಹಿಡಿಯುತ್ತದೆ. 50ನ್ನು 200ರಿಂದ ಭಾಗಿಸಿ: ಹದಿನೈದು ನಿಮಿಷ. ಇಳಿಯುವ ಜಾಗದಲ್ಲಿ ಇನ್ನೊಬ್ಬ ನಿಂತಿದ್ದರೆ ಕಾಯಲು ಬೇಕಲ್ಲ, ಅದನ್ನೂ ಇದರಲ್ಲೇ ತೆಗೆದಿಡಬೇಕು. ಒಂದು ಕಿಲೋ ಪೆಟ್ರೋಲಿನಲ್ಲಿ 12 ಯೂನಿಟ್ ಶಕ್ತಿ ಉಂಟು, ಒಂದು ಕಿಲೋ ಒಳ್ಳೆಯ ಬ್ಯಾಟರಿಯಲ್ಲಿ ಕಾಲು ಯೂನಿಟ್. ಪೆಟ್ರೋಲ್ ಉರಿದ ಹಾಗೆ ತೂಕ ಇಳಿಯುತ್ತದೆ. ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ.

ಮೇಲೆ ಹೋದ ಮೇಲೆ ವಿಮಾನದ ಹಾಗೆ ಅಗಲ ರೆಕ್ಕೆಯ ಮೇಲೆ ತೇಲಿದರೆ ಖರ್ಚು ಬಹಳ ಇಳಿಯುತ್ತದೆ, ನಿಜ. ಜರ್ಮನಿಯ ಲಿಲಿಯಂ ಕಂಪನಿ ಅದೇ ದಾರಿ ಹಿಡಿದಿತ್ತು. 2024ರಲ್ಲಿ ದಿವಾಳಿ. ಅಲ್ಲಿಯದೇ ವೋಲೊಕಾಪ್ಟರ್ ಪ್ಯಾರಿಸ್ ಒಲಿಂಪಿಕ್ಸಿಗೆ ಹಾರುವ ಟ್ಯಾಕ್ಸಿ ಬಿಡುತ್ತೇವೆ ಎಂದಿತ್ತು. ಒಲಿಂಪಿಕ್ಸ್ ಮುಗಿಯಿತು, ಟ್ಯಾಕ್ಸಿಗೆ ಒಬ್ಬ ಪ್ರಯಾಣಿಕನೂ ಹತ್ತಲಿಲ್ಲ, ಆ ಡಿಸೆಂಬರಿನಲ್ಲಿ ಅದೂ ದಿವಾಳಿ ಅರ್ಜಿ ಹಾಕಿತು.

ಹೊಸಂಗಡಿ 66

ಮಾಷ್ಟ್ರೇ, ಇಹ್ಯಾಂಗ್ 30 ಕಿ.ಮೀ. ಹಾರುತ್ತದೆ. ನನಗೆ ಮಂಗಳೂರಿಗೆ ಹೋಗಲು ಅಷ್ಟು ಸಾಕೇ ಸಾಕು. ಹದಿನೈದು ನಿಮಿಷವೂ ಬೇಡ. ನಿಮ್ಮ ಲೆಕ್ಕವೇ ನನ್ನ ಪರ ಆಯಿತಲ್ಲ!

ನೀರ್ಚಾಲಿನ ಮಾಷ್ಟ್ರು

ಹೋಗಲು ಸಾಕು. ಒಪ್ಪಿದೆ. ಚಾರ್ಜ್ ಮಾಡದೆ ಬರಲು ಸಾಕಾ?

ಇನ್ನೊಂದು. ಹೆಲಿಕಾಪ್ಟರಿನ ಇಂಜಿನ್ ನಿಂತರೂ ರೆಕ್ಕೆ ಗಾಳಿಗೆ ತಿರುಗುತ್ತಾ, ಪೈಲಟ್ ಗಟ್ಟಿಗನಾದರೆ ಮೆಲ್ಲನೆ ಇಳಿಸಬಹುದು. ಈ ಸಣ್ಣ ಸಣ್ಣ ಫ್ಯಾನುಗಳ ವಾಹನಕ್ಕೆ ಆ ಉಪಾಯ ಇಲ್ಲ. ಅದಕ್ಕೇ ಇಹ್ಯಾಂಗಿನಲ್ಲಿ 16 ಫ್ಯಾನ್ ಇಟ್ಟಿದ್ದಾರೆ. ಒಂದೆರಡು ನಿಂತರೂ ನಡೆಯುತ್ತದೆ. ಕರೆಂಟೇ ಹೋದರೆ ಎಲ್ಲ ಒಟ್ಟಿಗೆ ನಿಲ್ಲುತ್ತವೆ.

ಪೆರ್ಲದ ಭಟ್ಟ

ಹೆಲಿಕಾಪ್ಟರ್ ಇಳಿದಾಗಿನ ಗಾಳಿ ನೋಡಿದ್ದೀರಾ? ಒಂದು ಟನ್ ಭಾರವನ್ನು ಎತ್ತಿ ಹಿಡಿಯುವ ಗಾಳಿ ಕೆಳಗೆ ಬಡಿಯಬೇಕಲ್ಲ. ಹೊಸಂಗಡಿಯವರು ನಮ್ಮ ಮನೆಗೆ ಹಾರುವ ಕಾರಿನಲ್ಲಿ ಬಂದರೆ ಅಂಗಳದ ಅಡಕೆ ಎಲ್ಲ ಪಕ್ಕದ ಜಾಗಕ್ಕೆ. ಗಡಿ ತಕರಾರು ಮೊದಲೇ ಕೋರ್ಟಿನಲ್ಲಿ ಉಂಟು, ಈಗ ಅಡಕೆ ಯಾರದ್ದು ಎಂದು ಇನ್ನೊಂದು ಕೇಸು.

ಹೊಸಂಗಡಿ 66

ನಾನು ದೂರದಲ್ಲಿ ಶಾಲೆ ಮೈದಾನದಲ್ಲಿ ಇಳಿದು ನಡೆದು ಬರುತ್ತೇನೆ.

ಕುಂಬಳೆ ಕೊರಿಯರ್

ಮೈದಾನದಿಂದ ಭಟ್ರ ಮನೆಗೆ ರಿಕ್ಷಾಕ್ಕೆ ಎಂಬತ್ತು ರೂಪಾಯಿ. ಮಂಗಳೂರಿನಲ್ಲೂ ಇಳಿದಲ್ಲಿಂದ ಮತ್ತೆ ರಿಕ್ಷಾ. ಬಸ್ಸೇ ಆಗಬಹುದಿತ್ತು.

ಮುಳ್ಳೇರಿಯದವ

ಸಿಸ್ಟರ್ ಹೇಳಿದ ದಾರಿಗೆ ಬರುತ್ತೇನೆ. ಮನೆಗೆ ಬೇಡ, ಆರೋಗ್ಯ ಕೇಂದ್ರದ ತನಕ. ಕಾಸರಗೋಡು ಪೇಟೆಯಿಂದ ಒಳ ಊರಿನ ನಾಲ್ಕೈದು ಕೇಂದ್ರಗಳಿಗೆ ದಿನಕ್ಕೆ ಎರಡು ಸಲ, ಗೊತ್ತಾದ ದಾರಿ, ಗೊತ್ತಾದ ಹೊತ್ತು. ಎಣ್ಮಕಜೆಯವರು ಕೇಳಿದ ಹಾಗೆ ಪಂಚಾಯತಿನಲ್ಲಿ ಬೋರ್ಡ್. ಇದಾದರೂ ಆಗುತ್ತದಾ ಸ್ಟುಡಿಯೋದವರೇ? ಮಂಗಳೂರು ಸದ್ಯಕ್ಕೆ ಬಿಡುತ್ತೇನೆ, ಪೂರ್ತಿ ಬಿಡುವುದಿಲ್ಲ.

ಉಪ್ಪಳ ಸ್ಟುಡಿಯೋ

ಡಿಸೆಂಬರಿನಿಂದ ಮೇ ತನಕ ಆಗುತ್ತದೆ. ಒಂದೇ ದಾರಿ ಎಂದರೆ ಎಲ್ಲಿ ಸರಿಗೆ ಉಂಟು, ಎಲ್ಲಿ ಟವರ್ ಉಂಟು ಎಂದು ಮೊದಲೇ ಅಳೆದು ಇಡಬಹುದು. ಇಳಿಯುವ ಕಡೆ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ. ಕಣ್ಣಳತೆ ಮೀರುವ ಅನುಮತಿ ಸಿಗುವುದೂ ಇಂಥ ಕೆಲಸಕ್ಕೇ ಹೆಚ್ಚು ಸುಲಭ. ಮೂರನೆಯವರಿಗೆ ಪೆಟ್ಟಾದರೆ ಎಂಬ ವಿಮೆ ಕಡ್ಡಾಯ, ಅದನ್ನು ಮಾಡಿಸಬೇಕು.

ಜೂನ್ ಜುಲೈ ನನ್ನನ್ನು ಕೇಳಬೇಡಿ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಮುಕ್ಕಾಲು ಪಾಲು ಜೂನಿನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲೇ. ಹವಾಮಾನ ಇಲಾಖೆಯವರು ಗಂಟೆಗೆ 40–50 ಕಿ.ಮೀ. ಗಾಳಿ ಎಂದು ಎಚ್ಚರಿಕೆ ಕೊಡುವ ದಿನ ಸಾಮಾನ್ಯ ಡ್ರೋನ್ ತಾಳುವ ಮಿತಿ ಮುಗಿದಿರುತ್ತದೆ. ರೆಕ್ಕೆ ಇರುವ ದೊಡ್ಡ ಡ್ರೋನ್ ಮಳೆಯಲ್ಲೂ ಹೋಗುತ್ತದೆ, ಅದರ ಬೆಲೆಯೇ ಬೇರೆ.

ಸಿಸ್ಟರ್, ಬದಿಯಡ್ಕ

ನನಗೆ ಬೇಕಾದದ್ದೇ ಜೂನ್ ಜುಲೈಯಲ್ಲಿ. ಹಾವು ಜಾಸ್ತಿ ಕಚ್ಚುವುದೂ ಆಗಲೇ, ಮರ ಬಿದ್ದು ರಸ್ತೆ ಬಂದ್ ಆಗುವುದೂ ಆಗಲೇ. ಡಿಸೆಂಬರಿನಲ್ಲಿ ಆಂಬುಲೆನ್ಸ್ ಸರಾಗವಾಗಿ ಬರುತ್ತದೆ. ಬೇಸಿಗೆಗೆ ಮಾತ್ರ ಹಾರುವ ಡ್ರೋನಿಗೆ ಕೊಡುವ ದುಡ್ಡನ್ನು ಮಳೆ ಶುರುವಾಗುವ ಮೊದಲೇ ಪ್ರತಿ ಕೇಂದ್ರದಲ್ಲೂ ಇಪ್ಪತ್ತು ಬಾಟ್ಲಿ ಹೆಚ್ಚು ಇಡಲು ಕೊಟ್ಟರೆ ನಾನು ಬೇಡ ಎನ್ನುವುದಿಲ್ಲ. ಅದು ತಂಪಿನ ಪೆಟ್ಟಿಗೆ ಇಲ್ಲದೆಯೂ ಕೆಡದ ಪುಡಿ.

ರಕ್ತದ ವಿಷಯಕ್ಕೆ ಮಾತ್ರ ನೀನು ಹೇಳಿದ್ದು ಸರಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ, ಎಲ್ಲ ಕಡೆ ತುಂಬಿಸಿಡುವ ಮಾತೇ ಇಲ್ಲ. ಬೇಕಾದಾಗ ಬೇಗ ಬರಬೇಕು. ಅದಕ್ಕೆ ಡ್ರೋನ್ ಇರಲಿ, ರೆಕ್ಕೆ ಇರುವುದೇ ಇರಲಿ.

ಮುಳ್ಳೇರಿಯದವ

ಹಾಗಾದರೆ ಅಮ್ಮನ ಶುಗರ್ ಮಾತ್ರೆ?

ಸಿಸ್ಟರ್, ಬದಿಯಡ್ಕ

ಅದು ತುರ್ತಲ್ಲ ತಮ್ಮಾ. ಮೂರು ತಿಂಗಳಿನದ್ದು ಒಟ್ಟಿಗೆ ಬರೆಸಿಕೊಂಡು ಹೋಗಲು ಹೇಳು, ಇನ್ಸುಲಿನ್ ಅಲ್ಲ ಎಂದಾದರೆ.

ಕುಂಬಳೆ ಕೊರಿಯರ್

ಮಾತ್ರೆ ಮಾತ್ರ ಎಂದಾದರೆ ಮುಳ್ಳೇರಿಯ ಸುತ್ತಿಗೆ ನಮ್ಮ ಹುಡುಗ ವಾರಕ್ಕೆ ಮೂರು ಸಲ ಹೋಗುತ್ತಾನೆ. ಮನೆಯ ಹೆಸರು ಇನ್‌ಬಾಕ್ಸಿಗೆ ಹಾಕಿ. ಭಜನಾ ಮಂದಿರದಿಂದ ಎಡಕ್ಕಾ ಬಲಕ್ಕಾ ಎಂದೂ ಬರೆಯಿರಿ.

ಹೊಸಂಗಡಿ 66

ನಾನು 30 ಕಿ.ಮೀ.ನ ಮಾತು ಬಿಡುವುದಿಲ್ಲ ಮಾಷ್ಟ್ರೇ. ಮಂಗಳೂರಿನಲ್ಲಿ ಚಾರ್ಜಿಗೆ ಇಟ್ಟು ಊಟ ಮಾಡಿ ವಾಪಸ್ ಬಂದರೆ ಆಯಿತು.

ನೀರ್ಚಾಲಿನ ಮಾಷ್ಟ್ರು

ಒಂದು ಗಂಟೆಯಲ್ಲಿ 50 ಯೂನಿಟ್ ತುಂಬಬೇಕಾದರೆ ಮನೆಯ ಪ್ಲಗ್ ಸಾಲದು, ಬೇರೆಯೇ ಲೈನ್ ಎಳೆಸಬೇಕು. ಎಲ್ಲಿ ಊಟ ಮಾಡುತ್ತೀರಿ ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳಿ.